ಘಾಟಿಲಿ ಕೆಮ್ಮುದಕ್ಕೆಲ್ಲ ಪ್ರಾಯವ ದೂರೆಡಿ

ಮೊನ್ನೆ ಒಂದು ಉಪ್ನಾನದ ಜೆಂಬ್ರಲ್ಲಿ ಎರಡ್ನೇ ಹಂತಿಗೆ ಕೂದೊಂಡಿಪ್ಪಗ ಎನ್ನ ಅಣ್ಣ ಎಲ್ಲೋರ ಎದುರೇ ಹೇಳಿದ: “ಇವರ ಆ ಫಿಯೆಟ್ಟಿನ ಇನ್ನು ಗುಜುರಿಗೆ ಹಾಕುದೇ ಒಳ್ಳೆದು. ಪ್ರಾಯ ಆತು ಅದಕ್ಕೆ. ಸಂಪಾಜೆ ಘಾಟಿ ಹತ್ತುವಗ ಉಬ್ಬಸದ ಅಜ್ಜನ ಹಾಂಗೆ ಕೆಮ್ಮುತ್ತು.” ಹಂತಿಲಿ ಇದ್ದವೆಲ್ಲ ನೆಗೆ ಮಾಡಿದವು. ಎನ್ನ ಮಗನುದೆ ನೆಗೆ ಮಾಡಿದ. ಎನ್ನ ಬಾಯಿಲಿ ಹೋಳಿಗೆ ಇದ್ದ ಕಾರಣ ಆನು ಎಂತದೂ ಹೇಳಿದ್ದಿಲ್ಲೆ. ಈಗ ಹೋಳಿಗೆ ಮುಗುದ್ದು. ಹೇಳ್ತೆ.

ಗಾಡಿ ಕೆಮ್ಮಿದ್ದು ಅಪ್ಪು. ಇಲ್ಲೆ ಹೇಳಿ ವಾದ ಮಾಡ್ಲೆ ಆನು ಬಯಿಂದಿಲ್ಲೆ. ಆದರೆ ಅದು ಪ್ರಾಯಂದಾಗಿ ಅಲ್ಲ. ಅದರ ಕೆಮ್ಮುಸಿದ್ದು ನಾವು. ಮದಲು ನಮ್ಮ ಉದಾಸೀನಂದ, ಮತ್ತೆ ನಮ್ಮ ಅವಸರದ ರಿಪೇರಿಂದ. ಅದರ ತಪ್ಪಿನ ಲೆಕ್ಕಲ್ಲಿ ನಮ್ಮ ತಪ್ಪಿನ ಬರವದು ಬೇಡ.

ನಮ್ಮಲ್ಲಿ ಒಂದು ಅಭ್ಯಾಸ ಇದ್ದು. ಯೇವದರ ಕಾರಣ ಹುಡ್ಕುಲೆ ಉದಾಸೀನವೋ, ಅದಕ್ಕೆ ಪ್ರಾಯ ಹೇಳಿ ಹೆಸರು ಮಡುಗುದು. ಮಿಕ್ಸಿ ತಿರುಗುತ್ತಿಲ್ಲೆಯೋ, ಪ್ರಾಯ ಆತು. ನೋಡಿರೆ ಅದರ ಒಳಾಣ ಕಾರ್ಬನ್ ಬ್ರಶ್ಶು ಸವೆದ್ದು, ಅಷ್ಟೆ. ಅಬ್ಬೆಗೆ ಮೆಟ್ಲು ಹತ್ತುವಗ ಸೇಂಕು ಬತ್ತೋ, ಪ್ರಾಯ ಆತು. ಎರಡು ವರ್ಷ ಎಲ್ಲೋರೂ ಹಾಂಗೇ ಹೇಳಿದವು, ಆನುದೆ ಹೇಳಿದೆ. ಅಕೇರಿಗೆ ರಕ್ತ ನೋಡ್ಸಿಯಪ್ಪಗ ಹಿಮೋಗ್ಲೋಬಿನ್ 8 ಇದ್ದತ್ತು. ಕಬ್ಬಿಣದ ಗುಳಿಗೆ ಮೂರು ತಿಂಗಳು ತಿಂದ ಮತ್ತೆ ಅದೇ ಅಬ್ಬೆ ಮಾಳಿಗೆಗೆ ಹೋಗಿ ಹಪ್ಪಳ ಒಣಗುಸಿಕ್ಕಿ ಬಂತು. ಅಂದಿಂದ ಆನು ‘ಪ್ರಾಯ ಆತು’ ಹೇಳುವ ಮಾತಿನ ಅಕೇರಿಗೆ ಮಡುಗಿದ್ದೆ. ಬಾಕಿ ಕಾರಣಂಗಳ ಎಲ್ಲ ನೋಡಿಕ್ಕಿ, ಎಂತದೂ ಸಿಕ್ಕದ್ದರೆ ಮತ್ತೆ ಪ್ರಾಯ.

ಇನ್ನು ಕಾರಿನ ಸುದ್ದಿ. ಅಪ್ಪ 1985ರಲ್ಲಿ ತೆಗದ ಪ್ರೀಮಿಯರ್ ಪದ್ಮಿನಿ ಅದು. ಇಟಲಿಯ ಫಿಯೆಟ್ 1100ರ ವಂಶ, ಮುಂಬೈಯ ಕುರ್ಲಾಲ್ಲಿ ತಯಾರಾದ್ದು. 1089 ಸಿಸಿಯ ಇಂಜಿನು, ಸ್ಟೇರಿಂಗಿನ ಹತ್ರೆ ಗೇರು. ಪದ್ಮಿನಿ ಹೇಳಿ ಹೆಸರು ಇದ್ದರೂ ನಮ್ಮ ಊರಿಲಿ ಎಲ್ಲೋರಿಂಗೂ ಅದು ಫಿಯೆಟ್ಟೇ. ಆನು ಕಾರು ಬಿಡ್ಲೆ ಕಲ್ತದು ಅದರಲ್ಲೇ, ಅಪ್ಪನ ಬಯಿಗಳು ಕೇಳಿಗೊಂಡು. ಅಪ್ಪ ಹೋದ ಮತ್ತೆ ಅಣ್ಣಂಗೆ ಮಡಿಕೇರಿಲಿ ಮಡುಗುಲೆ ಜಾಗೆ ಇಲ್ಲೆ ಹೇಳಿ ಆತು. ಹಾಂಗೆ ಅದು ಪುತ್ತೂರಿಲಿ ಎಂಗಳ ಜಾಲಿಂಗೆ ಬಂತು. ಬಂದ ಮತ್ತೆ ಅದಕ್ಕೆ ಕೆಲಸ ಹೇಳಿರೆ ಪೇಟೆಗೆ ಹೋಪದು, ಜೆಂಬ್ರಕ್ಕೆ ಹೋಪದು, ವರ್ಷಕ್ಕೆ ಎರಡು ಮೂರು ಸರ್ತಿ ಘಾಟಿ ಹತ್ತಿ ಅಬ್ಬೆಯ ನೋಡಿಕ್ಕಿ ಬಪ್ಪದು.

ಎರಡು ವರ್ಷ ಹಿಂದೆ ದೀಪಾವಳಿಗೆ ಅಬ್ಬೆ ಎಂಗಳಲ್ಲಿಗೆ ಬಂದಿತ್ತು. ಹಬ್ಬ ಕಳುದು ಅದರ ವಾಪಾಸು ಬಿಡ್ಲೆ ಎಂಗೊ ಫಿಯೆಟ್ಟಿಲಿ ಹೆರಟೆಯೊ. ಸುಳ್ಯ ದಾಂಟಿ, ಸಂಪಾಜೆ ಕಳುದು, ಕೊಯನಾಡು ಮುಟ್ಟುವನ್ನಾರ ಎಂತದೂ ತೊಂದರೆ ಇಲ್ಲೆ. ಜೋಡುಪಾಲ ಕಳುದಪ್ಪಗ ಗಾಡಿ ಎಳವಲೆ ಬೇಜಾರು ಮಾಡ್ಲೆ ಸುರು ಮಾಡಿತ್ತು. ಹಿಂದೆ ನೋಡಿರೆ ಕರಿ ಹೊಗೆ. ಗಾಡಿಯ ಒಳ ಪೆಟ್ರೋಲಿನ ವಾಸನೆ. ಹಿಂದಾಣ ಸೀಟಿಲಿ ಕೂದ ಅಬ್ಬೆಗೆ ಮದಲು ತಲೆಬೇನೆ, ಮತ್ತೆ ಕಾರ್ಲೆ ಸುರು. ಮದೆನಾಡಿಂಗೆ ಎತ್ತುವಗ ನಾಲ್ಕು ಸರ್ತಿ ಕಾರಿದ್ದು, ಮೋರೆ ಬೆಳಿ ಆಗಿತ್ತು.

ಮನೆಲಿ ಹೇಳಿಯಪ್ಪಗ ಎಲ್ಲೋರದ್ದೂ ಒಂದೇ ಮಾತು: “ಹೆಮ್ಮಕ್ಕೊ ಘಾಟಿಲಿ ಕಾರುದು ಮಾಮೂಲಲ್ಲದೋ? ಕಾರು ಹೇಳಿರೇ ಕಾರ್ಲೆ ಇಪ್ಪದು.” ಪುನಾ ನೆಗೆ. ಎನಗೆ ನೆಗೆ ಬಯಿಂದಿಲ್ಲೆ. ಅಬ್ಬೆ ಹುಟ್ಟಿ ಬೆಳದ್ದೇ ಆ ಘಾಟಿಲಿ. ಬಸ್ಸಿಲಿ, ಜೀಪಿಲಿ, ಲಾರಿಲಿ ಕೂಡ ಹತ್ತಿ ಇಳುದ ಜೆನ ಅದು. ಎಪ್ಪತ್ತೆಂಟು ವರ್ಷ ಕಾರದ್ದ ಜೆನ ಅಂದು ಎಂತಕೆ ಕಾರಿತ್ತು ಹೇಳಿ ಒಬ್ಬಂಗೂ ಕೇಳ್ಲೆ ತೋರಿದ್ದಿಲ್ಲೆ.

ಗಾಡಿಗೆ ಘಾಟಿಲಿ ಅಪ್ಪದು ಎಂತ ಹೇಳಿ ಮದಲು ಹೇಳ್ತೆ. ಇದು ಇಂಜಿನಿಯರು ಓದಿದವಕ್ಕೆ ಮಾತ್ರ ತಿಳಿವ ವಿಷಯ ಹೇಳಿ ಗ್ರೇಶೆಡಿ. ಒಲೆಯ ಎದುರು ಮೂವತ್ತು ವರ್ಷ ನಿಂದವಕ್ಕೆ ಇದರಿಂದ ಸುಲಾಬದ ಪಾಠ ಬೇರೆ ಇಲ್ಲೆ.

ಗ್ಯಾಸಿನ ಒಲೆಲಿ ಗಾಳಿ ಸರಿಯಾಗಿ ಸೇರಿರೆ ಕಿಚ್ಚು ನೀಲಿ. ಗಾಳಿ ಕಮ್ಮಿ ಆದರೆ ಕಿಚ್ಚು ಹಳದಿ, ಪಾತ್ರದ ಅಡಿ ಮಸಿ. ಗ್ಯಾಸು ಹೆಚ್ಚು ಹೊತ್ತಿತ್ತು ಹೇಳಿ ಅಲ್ಲಿ ಶಾಖ ಹೆಚ್ಚಾವುತ್ತಿಲ್ಲೆ, ಮಸಿ ಹೆಚ್ಚಾವುತ್ತು. ಇಂಜಿನಿಲಿಯೂ ಅದೇ. ಒಂದು ಕೆಜಿ ಪೆಟ್ರೋಲು ಪೂರ್ತಿ ಹೊತ್ತೆಕ್ಕಾದರೆ 14.7 ಕೆಜಿ ಗಾಳಿ ಬೇಕು. ಇಲ್ಲಿ ಕೆಜಿ ಹೇಳ್ತ ಶಬ್ದವ ಗಟ್ಟಿ ಹಿಡ್ಕೊಳ್ಳಿ. ಗಾಳಿಗೂ ತೂಕ ಇದ್ದು, ಕಿಚ್ಚಿಂಗೆ ಬೇಕಾದ್ದು ತೂಕದ ಲೆಕ್ಕ.

ಆದರೆ ಕಾರ್ಬುರೇಟರಿಂಗೆ ತಕ್ಕಡಿ ಇಲ್ಲೆ. ಅದರ ಒಳ ಗಾಳಿ ಹೋಪ ಓಣಿ ಒಂದು ಕಡೆಲಿ ಸಪೂರ ಇದ್ದು. ಅಲ್ಲಿ ಗಾಳಿ ಜೋರು ಓಡ್ತು, ಒತ್ತಡ ಕಮ್ಮಿ ಆವುತ್ತು, ಆ ಎಳೆತಕ್ಕೆ ಪೆಟ್ರೋಲು ಜೆಟ್ಟಿನ ಒಟ್ಟೆಲಿ ಮೇಗೆ ಬತ್ತು. ಜೆಟ್ಟು ಹೇಳಿರೆ ಹಿತ್ತಾಳೆಯ ಒಂದು ಸಣ್ಣ ತಿರುಪು, ನಡುಕೆ ಕೂದಲೆಳೆಯ ಹಾಂಗಿಪ್ಪ ಒಟ್ಟೆ. ಅಂಬಗ ಕಾರ್ಬುರೇಟರು ಅಳವದು ಹಳೇ ಕಾಲದ ಸೇರಿನ ಲೆಕ್ಕಲ್ಲಿ. ಸೇರಿಲಿ ಅಳದರೆ ಗಟ್ಟಿ ಅಕ್ಕಿಯೂ ಒಂದು ಸೇರೇ, ಪೊಳ್ಳು ಭತ್ತವೂ ಒಂದು ಸೇರೇ. ಪುತ್ತೂರಿಲಿ ಗಾಳಿ ಗಟ್ಟಿ, ಸಮುದ್ರಂದ ನೂರು ಮೀಟರುದೆ ಎತ್ತರ ಇಲ್ಲೆ. ಮಡಿಕೇರಿ ಸುಮಾರು 1150 ಮೀಟರು. ಅಲ್ಲ್ಯಾಣ ಒಂದು ಸೇರು ಗಾಳಿಯ ತೂಕ ಇಲ್ಲ್ಯಾಣದ್ದರಿಂದ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿ. ಅನ್ನ ಬೇಶಿದವಕ್ಕೆ ಇದು ಗೊಂತಿದ್ದು. ಎನ್ನ ಅಪ್ಪನ ಮನೆಲಿ ನೀರು 96 ಡಿಗ್ರಿಗೇ ಕೊದಿವ ಕಾರಣ ತೆರದ ಪಾತ್ರಲ್ಲಿ ಅಶನ ಬೇವಲೆ ಹೊತ್ತು ಹೆಚ್ಚು ಬೇಕಾಗಿತ್ತು. ಮದುವೆ ಆಗಿ ಕೆಳ ಬಂದ ಸುರುವಿಂಗೆ ಎನ್ನ ಅಶನ ದಿನಾ ಮುದ್ದೆ ಆಗಿಂಡಿತ್ತು. ಅತ್ತೆ ಎನಗೆ ಅಡಿಗೆ ಬತ್ತಿಲ್ಲೆ ಹೇಳಿ ಗ್ರೇಶಿದವು. ಅಲ್ಲಿಯೂ ತಪ್ಪು ಎನ್ನದ್ದಲ್ಲ, ಗಾಳಿದು.

ಗಾಳಿಯ ತೂಕ ಹತ್ತರಲ್ಲಿ ಒಂದು ಪಾಲು ಇಳುದರೆ ಪೆಟ್ರೋಲಿನ ಎಳೆತವೂ ರಜ ಇಳಿತ್ತು, ಆದರೆ ಅಷ್ಟು ಇಳಿತ್ತಿಲ್ಲೆ, ಸುಮಾರು ಅದರ ಅರ್ಧ ಮಾತ್ರ. ಹಾಂಗಾಗಿ ಮಡಿಕೇರಿಲಿ ಮಿಶ್ರಣ ನೂರಕ್ಕೆ 5 ಪಾಲಿನಷ್ಟು ದಪ್ಪ ಆವುತ್ತು. ಊಟಿಗೆ, ಹೇಳಿರೆ 2240 ಮೀಟರಿಂಗೆ, ಹೋದರೆ ಸುಮಾರು 11-12 ಪಾಲು. ಇದು ಎಲ್ಲ ಕಾರ್ಬುರೇಟರಿನ ಗುಣ, ಹೊಸ ಗಾಡಿ ಆದರೂ ಹಳೇ ಗಾಡಿ ಆದರೂ. 1985ರಲ್ಲಿ ಶೋರೂಮಿಂದ ಹೆರ ಬಂದ ದಿನವೂ ಎಂಗಳ ಫಿಯೆಟ್ಟಿಂಗೆ ಮಡಿಕೇರಿಲಿ 5 ಪಾಲು ದಪ್ಪವೇ ಆಗಿಂಡಿತ್ತು. ಅಂದು ಅದಕ್ಕೆ ಪ್ರಾಯ ಆಗಿತ್ತೋ ಅಣ್ಣ?

ಇಲ್ಲಿ ಒಂದು ಮಾತಿನ ನಿಷ್ಠುರಲ್ಲಿ ಹೇಳೆಕ್ಕು. ಐದು ಪಾಲು ದಪ್ಪ ಆದರೆ ಗಾಡಿ ರಜ ಮಂದ ಆವುತ್ತು, ಮೈಲೇಜು ರಜ ಇಳಿತ್ತು. ಕರಿ ಹೊಗೆ ಬತ್ತಿಲ್ಲೆ, ಕೆಮ್ಮುತ್ತಿಲ್ಲೆ. ಅಂದು ಎಂಗಳ ಗಾಡಿ ಕರಿ ಹೊಗೆ ಕಾರಿದ್ದು ಹೇಳಿರೆ ಕೆಳ ಇಪ್ಪಗಳೇ ಅದರ ಮಿಶ್ರಣ ಹಾಳಾಗಿತ್ತು. ಘಾಟಿ ಅದರ ತೋರುಸಿತ್ತು, ಅಷ್ಟೆ. ಜ್ವರ ಇಪ್ಪವು ಮೆಟ್ಲು ಹತ್ತಿರೆ ಗೊಂತಪ್ಪ ಹಾಂಗೆ.

ಆದರೆ ಅಂದು ಎನಗೆ ಇದು ಯೇವದೂ ಗೊಂತಿತ್ತಿಲ್ಲೆ. ಅಣ್ಣ ಅವಂಗೆ ಪರಿಚಯದ ಒಂದು ಗ್ಯಾರೇಜಿಂಗೆ ಗಾಡಿಯ ತೆಕ್ಕೊಂಡು ಹೋದ. ಅಲ್ಲ್ಯಾಣ ಮೆಕ್ಯಾನಿಕು ಬೋನೆಟ್ಟು ನೆಗ್ಗಿ, ಎರಡು ನಿಮಿಷ ಕೆಮಿ ಕೊಟ್ಟು, “ಕೆಳಾಣ ಸೆಟ್ಟಿಂಗು. ಇಲ್ಲಿಗೆ ಆಗ” ಹೇಳಿದ. ದೊಡ್ಡ ಜೆಟ್ಟಿನ ತೆಗದು ಸಣ್ಣ ಒಟ್ಟೆಯದ್ದರ ಹಾಕಿದ, ಮಿಶ್ರಣದ ತಿರುಪಿನ ರಜ ಒಳಂಗೆ ತಿರುಗ್ಸಿದ. ಗಾಡಿ ಹೂಗಿನ ಹಾಂಗೆ ನೆಡದತ್ತು. ಆನು “ಏರ್ ಫಿಲ್ಟರಿನ ನೋಡಿದಿರೋ?” ಹೇಳಿ ಕೇಳಿದೆ. ಅವ ಎನ್ನ ಮೋರೆ ನೋಡದ್ದೆ ಎಂಗಳ ಮನೆಯೋರ ಹತ್ರೆ “ಅದೆಲ್ಲ ಸರಿ ಇದ್ದು ಸಾರ್” ಹೇಳಿದ. ಕೇಳಿದ್ದು ಆನು, ಉತ್ತರ ಇವಕ್ಕೆ.

ಒಂದು ಕೆಲಸ ಮಾತ್ರ ಆನು ಸರಿ ಮಾಡಿದೆ. ತೆಗದ ಹಳೇ ಜೆಟ್ಟಿನ ಕೇಳಿ ತೆಕ್ಕೊಂಡೆ. ಕುಕ್ಕರಿನ ವಾಲ್ವು ಆಗಲಿ, ಫ್ಯಾನಿನ ಕಂಡೆನ್ಸರು ಆಗಲಿ, ತೆಗದ ಸಾಮಾನಿನ ವಾಪಾಸು ಕೇಳಿ ಮಡಿಕ್ಕೊಂಬದು ಎನ್ನ ಅಬ್ಬೆ ಕಲಿಶಿದ ಬುದ್ಧಿ. ಮೆಕ್ಯಾನಿಕು ನೆಗೆ ಮಾಡಿ ಒಂದು ಕಾಗದಲ್ಲಿ ಸುತ್ತಿ ಕೊಟ್ಟ. ಅದರ ಮನೆಗೆ ತಂದು ಸಾಸಮೆ ಹಾಕುವ ಹಳೇ ಕರಡಿಗೆಲಿ ಮಡುಗಿದೆ.

ಮತ್ತಾಣ ಕಥೆ ಬೇಗ ಹೇಳ್ತೆ. ಮಾರ್ಚಿಲಿ ಪುತ್ತೂರಿಲಿ ಸರ್ವೀಸು ಆತು. ಏರ್ ಫಿಲ್ಟರಿನ ತೆಗದಪ್ಪಗ ಅದು ಅಡಕ್ಕೆ ಜಾಲಿನ ದೂಳು ತಿಂದು ತಿಂದು ಒತ್ತಿದ ಹಿಟ್ಟಿನ ಉಂಡೆಯ ಹಾಂಗೆ ಆಗಿತ್ತು. ಎಷ್ಟು ವರ್ಷಂದ ಬದಲುಸಿದ್ದಿಲ್ಲೆಯೋ. ಚೋಕಿನ ಸರಿಗೆ ತುಕ್ಕು ಹಿಡುದು, ಅದರ ಮುಚ್ಚಲು ಪೂರ್ತಿ ತೆರಕ್ಕೊಂಡಿತ್ತಿಲ್ಲೆ. ಎರಡನ್ನೂ ಸರಿ ಮಾಡಿದವು. ಕರಿ ಹೊಗೆಯ ನಿಜವಾದ ಕಾರಣ ಅದೇ ಆಗಿತ್ತು: ಗಾಳಿಯ ಬಾಗಿಲು ಅರ್ಧ ಮುಚ್ಚಿದ್ದತ್ತು. ಆದರೆ ಸಣ್ಣ ಜೆಟ್ಟು ಒಳವೇ ಬಾಕಿ. ಗಾಳಿ ಈಗ ಪೂರ್ತಿ, ಪೆಟ್ರೋಲು ಕಮ್ಮಿ. ಎಪ್ರಿಲಿನ ಸೆಕೆಗೆ ಗಾಡಿ ಬೆಶಿ ಅಪ್ಪಲೆ ಸುರು ಆತು. ಎಕ್ಸಲೇಟರು ಒತ್ತಿರೆ ಒಂದು ಗಳಿಗೆ ತಡವರುಸುತ್ತು, ಕಾರ್ಬುರೇಟರಿಂದ ಫಟ್ ಹೇಳಿ ಒಂದು ಶಬ್ದ. ಕೇಳಿರೆ “ಪ್ರಾಯ ಆತಕ್ಕಾ, ಸೆಕೆ ಬೇರೆ”. ಮೇ ತಿಂಗಳಿಲಿ ಒಂದು ಸಿಲಿಂಡರು ಕೆಲಸ ನಿಲ್ಸಿತ್ತು. ಹೆಡ್ಡು ಬಿಚ್ಚಿ ನೋಡಿರೆ ಎಗ್ಸಾಸ್ಟು ವಾಲ್ವು ಹೊತ್ತಿಹೋಗಿತ್ತು. ಅಡಿಗೊಳದ ಗೋಡೆಗೆ ಟೈಲ್ಸು ಹಾಕ್ಸುಲೆ ಹೇಳಿ ಆನು ಕೂಡಿ ಮಡುಗಿದ ಹದಿನೆಂಟು ಸಾವಿರ ಅಲ್ಲಿಗೆ ಹೋತು. ಗೋಡೆ ಇಂದಿಂಗೂ ಹಾಂಗೇ ಇದ್ದು, ಒಗ್ಗರಣೆಯ ಎಣ್ಣೆ ಹಾರಿದ ಕಲೆಗಳ ಒಟ್ಟಿಂಗೆ.

ಹೆಡ್ಡು ಬಿಚ್ಚಿದ ಮೇಸ್ತ್ರಿ ರಜ ಪ್ರಾಯದವು. ಅವು ಪ್ಲಗ್ಗುಗಳ ಸಾಲಾಗಿ ಮಡುಗಿ ನೋಡಿದವು. ನಾಲ್ಕೂ ಸುಣ್ಣದ ಹಾಂಗೆ ಬೆಳಿ. “ಇದರ ಜೆಟ್ಟು ಆರು ಬದಲುಸಿದ್ದು?” ಹೇಳಿ ಕೇಳಿದವು, ಎನ್ನ ಹತ್ರೆಯೇ. ಆನು ಮನೆಗೆ ಬಂದು ಸಾಸಮೆ ಕರಡಿಗೆಯ ತೆಕ್ಕೊಂಡು ಹೋದೆ. ಅವು ಎರಡನ್ನೂ ಬೆಣ್ಚಿಗೆ ಹಿಡುದು ಓದಿದವು. ಹಳತ್ತರಲ್ಲಿ 120, ಮಡಿಕೇರಿಲಿ ಹಾಕಿದ್ದರಲ್ಲಿ 110.

ನಂಬ್ರ ಹೇಳಿರೆ ಒಟ್ಟೆಯ ಅಗಲ. 120 ಹೇಳಿರೆ 1.20 ಮಿಲಿಮೀಟರು. ಹತ್ತು ನಂಬ್ರ ಎಂತ ಮಹಾ ಹೇಳಿ ಕಾಂಗು. ಆದರೆ ಪೆಟ್ರೋಲು ಹೋಪದು ಒಟ್ಟೆಯ ಅಗಲಲ್ಲಿ ಅಲ್ಲ, ಒಟ್ಟೆಯ ವಿಸ್ತೀರ್ಣಲ್ಲಿ. 120ರ 120ರಿಂದ ಗುಣಿಸಿರೆ 14,400. 110ರ 110ರಿಂದ ಗುಣಿಸಿರೆ 12,100. ನೂರಕ್ಕೆ 16 ಪಾಲು ಪೆಟ್ರೋಲು ಕಡಿತ! ಮಡಿಕೇರಿಗೆ ಬೇಕಾದ್ದು 5 ಪಾಲಿನ ಕಡಿತ. ಅದಕ್ಕೆ 120ರ ಜಾಗೆಲಿ 117.5 ಹಾಕಿರೆ ಸಾಕಾಗಿತ್ತು. ಊಟಿಲಿ ಮನೆ ಮಾಡುವವಕ್ಕೆ 115ರ ಹತ್ರಾಣದ್ದು. ಪುತ್ತೂರಿಲಿ ಇಪ್ಪ ಗಾಡಿಗೆ ಊಟಿಂದಲೂ ಮೇಗಾಣ ಊರಿನ ಜೆಟ್ಟು ಹಾಕಿ ಕಳುಸಿದ್ದವು. ಇದಾ ಆ ‘ಹೂಗಿನ ಹಾಂಗೆ ನೆಡದ’ ರಿಪೇರಿಯ ಗುಟ್ಟು. ಫಿಲ್ಟರಿನ ದೂಳಿನ ಜೆಟ್ಟಿಲಿ ಮುಚ್ಚಿದ್ದು. ಸಾರಿಂಗೆ ಉಪ್ಪು ಹೆಚ್ಚಾತು ಹೇಳಿ ನೀರು ಎರದ ಹಾಂಗೆ. ಮತ್ತೆ ಆರೋ ಬಂದು ಉಪ್ಪಿನ ತೆಗದವು. ಒಳುದ್ದು ನೀರು.

ಹಾಂಗಾಗಿ ಎನ್ನ ವಾದ ಇಷ್ಟು: ಗಾಡಿ ಬದ್ಕುವ ಊರಿಂಗೆ ಅದರ ಹದ ಮಾಡೆಕ್ಕು, ಅದು ನೆಂಟಸ್ತನಕ್ಕೆ ಹೋಪ ಊರಿಂಗೆ ಅಲ್ಲ. ವರ್ಷಕ್ಕೆ ಮೂರು ಸರ್ತಿ ಘಾಟಿ ಹತ್ತುವ ಗಾಡಿಯ ಜೆಟ್ಟಿಂಗೆ ಕೈ ಹಾಕುದು ಬೇಡವೇ ಬೇಡ. ಮಿಶ್ರಣ ದಪ್ಪ ಆದರೆ ಹೊಗೆ, ವಾಸನೆ, ಪೆಟ್ರೋಲಿನ ನಷ್ಟ. ಅದು ಕಣ್ಣಿಂಗೆ ಕಾಣ್ತು, ಮೂಗಿಂಗೆ ಗೊಂತಾವುತ್ತು. ತೆಳು ಆದರೆ ಎಂತದೂ ಕಾಣ್ತಿಲ್ಲೆ, ಒಳಂದೊಳವೇ ವಾಲ್ವು ಹೊತ್ತುತ್ತು. ಎರಡರಲ್ಲಿ ಒಂದು ತಪ್ಪು ಮಾಡೆಕ್ಕಾದರೆ ರಜ ದಪ್ಪದ ತಪ್ಪು ಕಮ್ಮಿ ನಷ್ಟದ್ದು.

“ಅಂಬಗ ಘಾಟಿಲಿ ಎಳೆತ್ತಿಲ್ಲೆನ್ನೇ?” ಹೇಳಿ ಕೇಳುವಿ. ಎಳೆಯ. ಇದರ ಯೇವ ಮೆಕ್ಯಾನಿಕೂ ಬಾಯಿ ಬಿಟ್ಟು ಹೇಳ್ತವಿಲ್ಲೆ. ಗಾಳಿ ಹತ್ತರಲ್ಲಿ ಒಂದು ಪಾಲು ಕಮ್ಮಿ ಆದರೆ ಇಂಜಿನಿನ ತ್ರಾಣವೂ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿ ಆವುತ್ತು. ಜೆಟ್ಟು ಬದಲುಸಿರೆ ಹದ ಸರಿ ಆವುತ್ತು, ಇಲ್ಲದ್ದ ಗಾಳಿ ಬತ್ತಿಲ್ಲೆ. ಅಡಿಗೆ ಮಾಡುವವರ ಬದಲುಸಿರೆ ಕರಡಿಗೆಲಿ ಇಲ್ಲದ್ದ ಅಕ್ಕಿ ಬಕ್ಕೋ? ಅದಕ್ಕೆ ಇಪ್ಪ ಮದ್ದು ಒಂದೇ, ಗೇರು ಇಳುಸುದು. ಅಪ್ಪ ಮದೆನಾಡಿನ ಆ ತಿರ್ಗಾಸುಗಳ ಎರಡ್ನೇ ಗೇರಿಲಿ ಹತ್ತುಸಿಂಡಿತ್ತಿದ್ದವು, ಹಿಂದಾಣ ಬಸ್ಸಿನವ ಎಷ್ಟು ಹೋರ್ನು ಹಾಕಿರೂ. ನಮ್ಮ ಮಾಣಿಯಂಗೊಕ್ಕೆ ಗೇರು ಇಳುಸುದು ಹೇಳಿರೆ ಮರ್ಯಾದಿ ಇಳುಸಿದ ಹಾಂಗೆ.

ಇನ್ನು ಹೆರಡುವ ಮದಲು ನೋಡೆಕ್ಕಾದ್ದು ಎಂತರ? ಆನು ಈಗ ಮಾಡುವ ಕ್ರಮ ಹೇಳ್ತೆ, ಹೆಮ್ಮಕ್ಕೊ ಆರೂ ಮಾಡ್ಲಕ್ಕು. ಏರ್ ಫಿಲ್ಟರಿನ ತೆಗದು ಬೆಣ್ಚಿಗೆ ಹಿಡಿಯೆಕ್ಕು. ಬೆಣ್ಚು ಕಾಣದ್ದರೆ ಹೊಸತ್ತು ಹಾಕೆಕ್ಕು. ಫಿಲ್ಟರು ತೆಗದೇ ಘಾಟಿ ಹತ್ತಿ ಹೇಳಿ ಸಲಹೆ ಕೊಡುವವು ಇದ್ದವು. ಅವರ ಮಾತು ಕೇಳೆಡಿ, ದೂಳು ನೇರ ಸಿಲಿಂಡರಿಂಗೆ ಹೋಗಿ ಉಜ್ಜುತ್ತು. ಇಂಜಿನು ಬೆಶಿ ಆದ ಮತ್ತೆ ಚೋಕಿನ ಮುಚ್ಚಲು ಪೂರ್ತಿ ನೆಟ್ಟಗೆ ನಿಂದಿದೋ ಹೇಳಿ ಕಣ್ಣಾರೆ ನೋಡೆಕ್ಕು, ಡ್ಯಾಶಿನ ಗುಂಡಿ ಒಳ ಹೋಯಿದು ಹೇಳಿ ನಂಬುಲಾಗ. ರಜ ದೂರ ಓಡುಸಿಕ್ಕಿ ಪ್ಲಗ್ಗು ಬಿಚ್ಚಿ ಬಣ್ಣ ನೋಡೆಕ್ಕು. ಹಾಲು ಹಾಕಿದ ಕಾಪಿಯ ಬಣ್ಣ ಇದ್ದರೆ ಹದ ಸರಿ. ಮಸಿಯ ಹಾಂಗೆ ಕರಿ ಇದ್ದರೆ ದಪ್ಪ. ಬೆಳಿ ಇದ್ದರೆ ತೆಳು, ಅದು ಹೆಚ್ಚು ಅಪಾಯ.

ಸೋಲೆಕ್ಸ್ ನಮೂನೆಯ ಕಾರ್ಬುರೇಟರಿನ ಬುಡಲ್ಲಿ ಸ್ಪ್ರಿಂಗು ಇಪ್ಪ ಒಂದು ಮಿಶ್ರಣದ ತಿರುಪು ಇದ್ದು. ಘಾಟಿಲಿ ಎಲ್ಲೋರೂ ಸ್ಕ್ರೂಡ್ರೈವರು ಹಿಡ್ಕೊಂಡು ಅದರ ಮೇಲೆ ಬೀಳುದು. ಅದರ ಕೆಲಸ ಇಂಜಿನು ಆಕ್ಸಲೇಟರು ಒತ್ತದ್ದೆ ಸುಮ್ಮನೆ ತಿರುಗುವಗ ಮಾತ್ರ. ಎಳವಗ ಪೆಟ್ರೋಲು ಬಪ್ಪದು ದೊಡ್ಡ ಜೆಟ್ಟಿಂದ. ಅಂಬಗ ಏರಿಲಿ ಎಳೆತ್ತಿಲ್ಲೆ ಹೇಳಿ ಆ ತಿರುಪಿನ ತಿರುಗ್ಸುದು ಕಾಲು ಬೇನೆಗೆ ಕೈಗೆ ಎಣ್ಣೆ ಕಿಟ್ಟಿದ ಹಾಂಗೆ. ಮೇಗೆ ಹೋಗಿ ನಾಲ್ಕು ದಿನ ಕೂಪಲೆ ಇದ್ದು, ನಿಲ್ಸಿಯಪ್ಪಗ ಇಂಜಿನು ಗುಡುಗುಡು ಮಾಡ್ತು ಹೇಳಿ ಆದರೆ ಕಾಲು ಸುತ್ತು ಒಳಂಗೆ ತಿರುಗ್ಸಲಕ್ಕು. ಎಷ್ಟು ತಿರುಗ್ಸಿದ್ದು ಹೇಳಿ ಬರದು ಮಡಿಕ್ಕೊಂಡು ಕೆಳ ಬಂದ ದಿನವೇ ವಾಪಾಸು ತಿರುಗ್ಸೆಕ್ಕು. ಅಡಿ ತಾಗುವನ್ನಾರ ಬಿಗಿವಲಾಗ, ಅದರ ಮೊನೆಗೆ ಗೀರು ಬಿದ್ದರೆ ಮತ್ತೆ ಏವಗಳೂ ಹದಕ್ಕೆ ಬಾರ. ಎರಡು ಕಾರ್ಬುರೇಟರು ಇಪ್ಪ ವಿಲಾಯತಿ ಹಳೇ ಗಾಡಿಗೊ ಇದ್ದವು. ಅಲ್ಲಿ ಒಂದಕ್ಕೆ ಮಾಡಿದ್ದರ ಇನ್ನೊಂದಕ್ಕೂ ಸರಿಸಮ ಮಾಡೆಕ್ಕು. ಇಲ್ಲದ್ದರೆ ಒಂದು ಎತ್ತು ಏರಿಂಗೆ, ಒಂದು ನೀರಿಂಗೆ.

ಇನ್ನೊಂದು ತಪ್ಪು ಎಲ್ಲೋರೂ ಮಾಡುದು. ಘಾಟಿಲಿ ಗಾಡಿ ನಿಂದತ್ತು ಹೇಳಿರೆ ಪೆಟ್ರೋಲು ಪಂಪಿಂಗೆ ಚೆಂಡಿ ವಸ್ತ್ರ ಹಾಕುದು. ಅದು ಬೇರೆಯೇ ಕಾಯಿಲೆಯ ಮದ್ದು. ಪಂಪು ಇಂಜಿನಿನ ಮೈಗೆ ಅಂಟಿಯೊಂಡಿಪ್ಪ ಕಾರಣ ಬೆಶಿಗೆ ಪೆಟ್ರೋಲು ನಾಳಲ್ಲೇ ಆವಿ ಆವುತ್ತು, ಮತ್ತೆ ಇಂಜಿನಿಂಗೆ ಪೆಟ್ರೋಲು ಎತ್ತುತ್ತೇ ಇಲ್ಲೆ. ಅಂಬಗ ಗಾಡಿ ಪೂರ್ತಿ ನಿಲ್ಲುತ್ತು, ತಣುದ ಮತ್ತೆ ತನ್ನಷ್ಟಕ್ಕೆ ಹೆರಡ್ತು. ಆ ಕಾಯಿಲೆಗೆ ಚೆಂಡಿ ವಸ್ತ್ರ ಸರಿ. ಹೊಗೆ ಕಾರಿಗೊಂಡು, ವಾಸನೆ ಬಂದೊಂಡು, ಉಬ್ಬಸಲ್ಲಿ ನೆಡವ ಗಾಡಿಗೆ ವಸ್ತ್ರ ಹಾಕಿರೆ ವಸ್ತ್ರ ಹಾಳು. ಪೆಟ್ರೋಲು ಎತ್ತದ್ದು ಒಂದು ಕಾಯಿಲೆ, ಹೆಚ್ಚಾದ್ದು ಇನ್ನೊಂದು.

ಈಗಾಣ ಪೆಟ್ರೋಲಿನ ಸುದ್ದಿಯೂ ಹೇಳೆಕ್ಕು. ಪಂಪಿಲಿ ಈಗ ಸಿಕ್ಕುದು ನೂರಕ್ಕೆ 20 ಪಾಲು ಎಥನಾಲು ಸೇರಿದ್ದು. ಎಥನಾಲಿಲಿ ಆಮ್ಲಜನಕ ಮದಲೇ ಇಪ್ಪ ಕಾರಣ ಅದಕ್ಕೆ ಗಾಳಿ ಕಮ್ಮಿ ಸಾಕು. 14.7ರ ಜಾಗೆಲಿ ಸುಮಾರು 13.5. ಹಳೇ ಕಾರ್ಬುರೇಟರಿಂಗೆ ಈ ಸುದ್ದಿ ಗೊಂತಿಲ್ಲೆ, ಅದು ಹಳೇ ಲೆಕ್ಕಲ್ಲೇ ಬಳುಸುತ್ತು. ಹಾಂಗಾಗಿ ಮಿಶ್ರಣ ನೂರಕ್ಕೆ 8 ಪಾಲಿನಷ್ಟು ತೆಳು ಆವುತ್ತು. ಈಗ ಕೂಡಿ ಕಳೆಯಿರಿ: ಮಡಿಕೇರಿಯ ಎತ್ತರ 5 ಪಾಲು ದಪ್ಪ ಮಾಡ್ತು, ಈ ಪೆಟ್ರೋಲು 8 ಪಾಲು ತೆಳು ಮಾಡ್ತು. ಅಂಬಗ ಮೇಗೆ ಹೋಪವಕ್ಕೆ ಸಣ್ಣ ಜೆಟ್ಟು ಎಂತಕೆ? ಅಪ್ಪನ ಕಾಲಲ್ಲಿ ಸರಿ ಇದ್ದ ಬುದ್ಧಿ ಈಗ ಅಲ್ಲಿಯೂ ಸರಿ ಅಲ್ಲ. ‘ಘಾಟಿಗೆ ಸಣ್ಣ ಜೆಟ್ಟು’ ಹೇಳಿ ಈಗಳೂ ಬಾಯಿಪಾಠ ಒಪ್ಪುಸುವವು ಪಂಪಿಲಿ ಎಂತ ಸಿಕ್ಕುತ್ತು ಹೇಳಿ ನೋಡದ್ದವು. ಎಂಗಳ ಮೇಸ್ತ್ರಿ 125 ಹಾಕುವನೋ ಹೇಳಿ ಕೇಳಿದವು. 120 ವಾಪಾಸು ಹಾಕಿ ಓಡುಸಿಯಪ್ಪಗ ಪ್ಲಗ್ಗಿನ ಬಣ್ಣ ಸರಿ ಕಂಡ ಕಾರಣ ಹಾಂಗೇ ಬಿಟ್ಟೆಯೊ. ರಬ್ಬರಿನ ನಾಳಂಗಳ ಮಾತ್ರ ಎಥನಾಲಿಂಗೆ ತಡವ ನಮೂನೆಯದ್ದು ಹಾಕ್ಸಿದೆಯೊ.

“ಹೊಸ ಕಾರಿಂಗೆ ಇದು ಯೇವದೂ ಬೇಡ ಅಮ್ಮಾ” ಹೇಳಿ ಮಗ ಹೇಳ್ತ. ಒಪ್ಪಿದೆ. ಅದರಲ್ಲಿ ಗಾಳಿಯ ಅಳವ ಸೆನ್ಸರು ಇದ್ದು, ಕಂಪ್ಯೂಟರು ತಾನಾಗಿ ಪೆಟ್ರೋಲು ಕಮ್ಮಿ ಮಾಡ್ತು. ಹೊಸ ಕಾರು ಬೇಕಾದವು ತೆಗೆಯಲಿ, ಎನ್ನ ಅಡ್ಡಿ ಇಲ್ಲೆ. ಆದರೆ ಹಳೇದರ ತೆಗವಲೆ ಸುಳ್ಳು ಕಾರಣ ಕೊಡುದು ಎಂತಕೆ? ಹದಿನೈದು ವರ್ಷ ಕಳುದ ಮತ್ತೆ ಐದೈದು ವರ್ಷಕ್ಕೆ ರಿಜಿಸ್ಟ್ರೇಶನು ಹೊಸತ್ತು ಮಾಡ್ಸೆಕ್ಕು, ಖರ್ಚು ಇದ್ದು, ಬಿಡಿಭಾಗ ಹುಡ್ಕೆಕ್ಕು. ಇದೆಲ್ಲ ನಿಜವಾದ ಕಾರಣಂಗೊ, ಅದರ ಹೇಳಿ. ಕೂದು ಮಾತಾಡುವೊ. ಘಾಟಿಲಿ ಕೆಮ್ಮುತ್ತು ಹೇಳುದು ಕಾರಣ ಅಲ್ಲ. ಅದು ಫಿಲ್ಟರು ಬದಲುಸದ್ದವರ ತಪ್ಪು, ಎನ್ನ ತಪ್ಪುದೆ ಅದರಲ್ಲಿ ಇದ್ದು. ಜಾಲಿಲಿ ಗಾಡಿ ನಿಲ್ಸಿ ಅದರ ಬಗಲಿಲೇ ಅಡಕ್ಕೆ ರಾಶಿ ಉಡುಗಿದ್ದು ಆನೇ.

ಅಬ್ಬೆ ಕಾರಿದ್ದು? ಗಾಡಿ ಬಿಚ್ಚಿಯಪ್ಪಗ ಸೈಲೆನ್ಸರಿನ ಸಂದು ಒಡದ್ದು ಸಿಕ್ಕಿತ್ತು, ಹಿಂದಾಣ ಸೀಟಿನ ಅಡಿಲಿ ತಗಡು ತುಕ್ಕು ಹಿಡುದು ಬೆರಳು ಹೋಪಷ್ಟು ಒಟ್ಟೆ. ಮಿಶ್ರಣ ದಪ್ಪ ಆದರೆ ಹೊಗೆಲಿ ಕಾರ್ಬನ್ ಮೋನಾಕ್ಸೈಡು ಹೆಚ್ಚಾವುತ್ತು. ಅದಕ್ಕೆ ಬಣ್ಣ ಇಲ್ಲೆ, ವಾಸನೆ ಇಲ್ಲೆ. ತಲೆಬೇನೆ, ಹೊಟ್ಟೆ ತೊಳಸುದು ಅದರ ಸುರುವಾಣ ಲಕ್ಷಣ. ಹೆಚ್ಚಾದರೆ ಜೀವವೇ ಹೋವುತ್ತು. ಆನು ಡಾಕ್ಟ್ರಲ್ಲ, ಅಂದು ಆದ್ದು ಅದೇ ಹೇಳಿ ಆಣೆ ಹಾಕೆ. ಆದರೆ ಸಂದಿಂಗೆ ವೆಲ್ಡು ಮಾಡ್ಸಿ, ತಗಡು ಹಾಕ್ಸಿ, ಹದ ಸರಿ ಮಾಡ್ಸಿದ ಮತ್ತೆ ಅಬ್ಬೆಯ ಅದೇ ಸೀಟಿಲಿ ಕೂರ್ಸಿಗೊಂಡು ಮೂರು ಸರ್ತಿ ಘಾಟಿ ಹತ್ತಿದ್ದೆಯೊ. ಒಂದರಿಯೂ ಕಾರಿದ್ದಿಲ್ಲೆ. ಕಡೇ ಸರ್ತಿ ಸಂಪಾಜೆಂದ ಮಡಿಕೇರಿವರೆಗೆ ಬಿಟ್ಟದು ಆನು, ಎರಡ್ನೇ ಗೇರಿಲಿ, ಹಿಂದೆ ಐದಾರು ಗಾಡಿಗಳ ಸಾಲು ಮಾಡಿಗೊಂಡು. ಅಬ್ಬೆ ಹಿಂದೆ ಕೂದು ಎರಡು ಕದಳಿ ಬಾಳೆಹಣ್ಣು ತಿಂದತ್ತು, ಮತ್ತೆ ರಜ ಒರಗಿತ್ತು.

ಹೆಮ್ಮಕ್ಕೊ ಘಾಟಿಲಿ ಕಾರುದು ಮಾಮೂಲು ಹೇಳಿ ನೆಗೆ ಮಾಡಿದವು ಅಂದು ಆ ಸೀಟಿಲಿ ಕೂದಿತ್ತಿದ್ದವಿಲ್ಲೆ. ನಿಂಗಳ ಮನೆಲಿ ಹಳೇ ಗಾಡಿ ಇದ್ದರೆ, ಅದರಲ್ಲಿ ಅಜ್ಜಿಯೋ ಮಕ್ಕಳೋ ಹಿಂದೆ ಕೂದು ತಲೆಬೇನೆ ಹೇಳಿರೆ, ಮದಲು ಕಿಟಿಕಿ ತೆಗೆಯಿರಿ, ಗಾಡಿ ನಿಲ್ಸಿ ಅವರ ಹೆರ ಇಳುಸಿ. ಮನೆಗೆ ಎತ್ತಿದ ಮತ್ತೆ ಸೈಲೆನ್ಸರಿನ ಅಡಿ ನೋಡ್ಸಿ. ನೆಗೆ ಮತ್ತೆ ಮಾಡ್ಲಕ್ಕು.

110ರ ಆ ಜೆಟ್ಟು ಈಗಳೂ ಸಾಸಮೆ ಕರಡಿಗೆಲಿ ಇದ್ದು, ಹೊತ್ತಿದ ವಾಲ್ವುದೆ ಒಟ್ಟಿಂಗೆ ಇದ್ದು. ಬಪ್ಪ ಜೆಂಬ್ರಕ್ಕೆ ಎರಡನ್ನೂ ತತ್ತೆ. ಅಣ್ಣ, ಈ ಸರ್ತಿ ಹೋಳಿಗೆ ಬಳುಸುವ ಮದಲೇ ಮಾತಾಡುವೊ.